ಸೈಲೆನ್ಸರ್ ಬದಲಿಸಿದ್ರಾ? ಟ್ಯೂನರ್ ಕೊಳ್ಳುವ ಮೊದಲು ಇಷ್ಟು ನೋಡಿ

"ಟ್ಯೂನರ್ ಹಾಕ್ಸಿಲ್ಲೇನ್ರೀ? ಗಾಡಿ ಲೀನ್ ಓಡ್ತೈತಿ. ಎಂಜಿನ್ ಹೋಗ್ತೈತಿ ನೋಡ್ರಿ."

ಬೆಳಗಾವಿಯಲ್ಲಿ ಹೊಸ ಸೈಲೆನ್ಸರ್ ಹಾಕಿಸಿದವರು ಮರುದಿನದಿಂದಲೇ ಈ ಮಾತು ಕೇಳುತ್ತಾರೆ. ಲೀನ್ ಅಂದರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಸಾಲದೆ ಓಡುವುದು. ಟ್ಯೂನರ್ ಅಂದರೆ ಎಂಜಿನ್‌ಗೆ ಹೋಗುವ ಪೆಟ್ರೋಲಿನ ಅಳತೆ ಬದಲಿಸುವ ಸಾಧನ. ಚಹಾ ಅಂಗಡಿಯ ಮುಂದೆ ಗಾಡಿ ನಿಲ್ಲಿಸಿದರೆ ಸಾಕು, ಯಾರಾದರೂ ಒಬ್ಬರು ಹೇಳಿಯೇ ಹೇಳುತ್ತಾರೆ. ಕೆಟ್ಟದ್ದಕ್ಕೆ ಹೇಳುವುದಲ್ಲ. ಆದರೆ ಟ್ಯೂನರ್ ಅಂದರೆ ಸುಮ್ನೆ ಸಾವಿರಾರು ರೂಪಾಯಿ ಖರ್ಚು. ಬೇಕೋ ಬೇಡವೋ ನೋಡಿಕೊಂಡೇ ಮಾಡಬೇಕು ಅಲ್ವಾ?

ನನ್ನ ಉತ್ತರ ಮೊದಲೇ ಹೇಳಿಬಿಡುತ್ತೇನೆ. ಹಿಂದಿನ ಸೈಲೆನ್ಸರ್ ಮಾತ್ರ ಬದಲಾಗಿದೆ, ಬೆಂಡ್ ಪೈಪ್ (ಎಂಜಿನ್‌ನಿಂದ ಸೈಲೆನ್ಸರ್‌ಗೆ ಹೊಗೆ ಒಯ್ಯುವ ಪೈಪ್), ಆಕ್ಸಿಜನ್ ಸೆನ್ಸರ್, ಏರ್ ಫಿಲ್ಟರ್ ಎಲ್ಲ ಕಂಪನಿಯವೇ ಇವೆ ಅಂದರೆ ಹೆಚ್ಚಿನ ಗಾಡಿಗಳಿಗೆ ಟ್ಯೂನರ್ ಬೇಡ. ಬೆಂಡ್ ಪೈಪ್ ಸಮೇತ ಪೂರಾ ಬದಲಾಗಿದೆ, ಜೊತೆಗೆ ಏರ್ ಫಿಲ್ಟರ್ ಕೂಡ ಬೇರೆ ಹಾಕಿದ್ದೀರಿ ಅಂದರೆ ಬೇಕು. ಇವೆರಡರ ನಡುವೆ ಇರುವವರು ಅಳೆದು ನೋಡಿ ತೀರ್ಮಾನ ಮಾಡಬೇಕು. ಮತ್ತೆ ಯಾರೇ ಆಗಲಿ, ಟ್ಯೂನರ್ ವಿಚಾರಕ್ಕೆ ಹೋಗುವ ಮೊದಲು ಪೈಪ್‌ಗಳ ಜೋಡಣೆ ಸೋರುತ್ತಿದೆಯಾ ಅಂತ ನೋಡಲೇಬೇಕು. ಇದನ್ನು ಇಷ್ಟು ಒತ್ತಿ ಹೇಳುವುದಕ್ಕೆ ಕಾರಣ ಇದೆ.

ಎರಡು ಪ್ಲಗ್, ಎರಡು ಬಣ್ಣ

ನನ್ನದು ರಾಯಲ್ ಎನ್‌ಫೀಲ್ಡ್ ಇಂಟರ್ಸೆಪ್ಟರ್ 650. ಎರಡು ಸಿಲಿಂಡರ್, ಎರಡು ಬೆಂಡ್ ಪೈಪ್, ಎರಡಕ್ಕೂ ಬೇರೆ ಬೇರೆ ಆಕ್ಸಿಜನ್ ಸೆನ್ಸರ್. ಹಿಂದಿನ ಎರಡೂ ಸೈಲೆನ್ಸರ್ ತೆಗೆಸಿ ಬೇರೆ ಹಾಕಿಸಿದೆ. ಒಂದು ವಾರದಲ್ಲಿ ತೊಂದರೆ ಶುರುವಾಯಿತು. ಎಕ್ಸಿಲೇಟರ್ ಬಿಟ್ಟ ಕೂಡಲೇ ಬಲಗಡೆಯಿಂದ ಪಟಪಟ ಸದ್ದು. ಸಿಗ್ನಲ್‌ನಲ್ಲಿ ನಿಂತರೆ ಎಂಜಿನ್ ಒಂದೇ ಸಮ ಓಡದೆ ಏರಿಳಿಯುತ್ತಿತ್ತು. 27 ಕೊಡುತ್ತಿದ್ದ ಮೈಲೇಜ್ 22ಕ್ಕೆ ಬಂತು. ಸೈಲೆನ್ಸರ್ ಹಾಕಿಕೊಟ್ಟ ಅಂಗಡಿಯವರು ಲೀನ್ ಆಗಿದೆ, ಟ್ಯೂನರ್ ಹಾಕಿಸಿ ಅಂದರು. ನಾನೂ ದುಡ್ಡು ಹೊಂದಿಸಿ ಇಟ್ಟಿದ್ದೆ.

ನಮ್ಮ ಸೋದರಮಾವ ಉದ್ಯಮಬಾಗದಲ್ಲಿ ಲೇತ್ ಮೇಲೆ ಮೂವತ್ತು ವರ್ಷ ಕೆಲಸ ಮಾಡಿದವರು. ಅವರಿಗೆ ಹೇಳಿದೆ.

"ಪ್ಲಗ್ ಬಿಚ್ಚಿ ನೋಡೀಯೇನೋ?"

"ಇಲ್ಲ ಮಾಮಾ."

"ಮೊದಲ ಬಿಚ್ಚು."

ಎರಡೂ ಪ್ಲಗ್ ಬಿಚ್ಚಿ ಹಳೆ ಪೇಪರ್ ಮೇಲೆ ಅಕ್ಕಪಕ್ಕ ಇಟ್ಟೆ. ಎಡಗಡೆಯದು ಬಿಸ್ಕಿಟ್ ಬಣ್ಣ, ಹೇಗಿರಬೇಕೋ ಹಾಗೆ. ಬಲಗಡೆಯದು ಕಾಡಿಗೆ ಬಳಿದ ಹಾಗೆ ಕಪ್ಪು. ಬೆರಳು ಸವರಿದರೆ ಮಸಿ ಹತ್ತಿತು. ಮಾಮಾ ಅದನ್ನು ಎತ್ತಿ ಬೆಳಕಿಗೆ ಹಿಡಿದರು. "ಲೀನ್ ಅಂದ್ರ ಪ್ಲಗ್ ಬೆಳ್ಳಗ ಇರಬೇಕು. ಇದು ಕರ್ರಗ ಆಗೈತಿ. ಇದಕ್ಕ ಇನ್ನಷ್ಟು ಪೆಟ್ರೋಲ್ ಸುರುವಿದ್ರ ಏನಾದೀತು?"

ಆಮೇಲೆ ಬಲಗಡೆಯ ಬೆಂಡ್ ಪೈಪ್ ಎಂಜಿನ್‌ಗೆ ಸೇರುವ ಜಾಗಕ್ಕೆ ಟಾರ್ಚ್ ಬಿಟ್ಟರು. ಅಲ್ಲಿ ಅಲ್ಯುಮಿನಿಯಂ ಮೇಲೆ ಮೀಸೆಯಂಥ ಒಂದು ಕಪ್ಪು ಗೆರೆ. ಹಳೆಯ ಸೈಲೆನ್ಸರ್ ಬಿಗಿಯಾಗಿ ಕೂತಿತ್ತು, ಅದನ್ನು ಕೀಳುವಾಗ ಎಳೆದಾಡಿದ್ದಾರೆ. ಮುಂದಿನ ಪೈಪ್ ಅಲುಗಿ ಹೆಡ್ ಹತ್ತಿರದ ಪ್ಯಾಕಿಂಗ್ ಸಡಿಲವಾಗಿದೆ. ಹೊಸ ಪ್ಯಾಕಿಂಗ್ ಹಾಕಿ ನಟ್ಟು ಬಿಗಿದೆವು. ಮುಂದಿನ ಟ್ಯಾಂಕಿನಲ್ಲಿ ಮೈಲೇಜ್ ವಾಪಸ್ ಬಂತು. ಎಂಜಿನ್ ಏರಿಳಿತವೂ ನಿಂತಿತು. ಟ್ಯೂನರ್ ಹಾಕಿಸಿದ್ದರೆ ಸೋರಿಕೆ ಹಾಗೇ ಉಳಿಯುತ್ತಿತ್ತು, ಅದರ ಮೇಲೆ ಇನ್ನಷ್ಟು ಪೆಟ್ರೋಲ್ ಹೋಗುತ್ತಿತ್ತು.

ಹೀಗೆ ಯಾಕಾಗುತ್ತದೆ ಅಂತ ತಿಳಿದರೆ ಮುಂದಿನ ಹೆಜ್ಜೆಗಳೆಲ್ಲ ಸುಲಭ.

ಇಸಿಯು ಲೆಕ್ಕ ಹಾಕುವ ರೀತಿ

1 ಗ್ರಾಂ ಪೆಟ್ರೋಲ್ ಪೂರ್ತಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಗಾಳಿ ಜಾಸ್ತಿಯಾದರೆ ಲೀನ್, ಪೆಟ್ರೋಲ್ ಜಾಸ್ತಿಯಾದರೆ ರಿಚ್. ಈಗ ಬಂಕಿನಲ್ಲಿ ಬರುವ ಇ20 ಪೆಟ್ರೋಲಿನಲ್ಲಿ ಶೇ. 20ರಷ್ಟು ಎಥನಾಲ್ ಇದೆ. ಎಥನಾಲ್‌ನಲ್ಲೇ ಒಂದಿಷ್ಟು ಆಮ್ಲಜನಕ ಇರುವುದರಿಂದ ಅದಕ್ಕೆ ಹೊರಗಿನ ಗಾಳಿ ಕಡಿಮೆ ಸಾಕು. ಹಾಗಾಗಿ ಇ20ಗೆ ಈ ಲೆಕ್ಕ ಸುಮಾರು 13.5ಕ್ಕೆ ಇಳಿಯುತ್ತದೆ.

2020ರ ಏಪ್ರಿಲ್‌ನಲ್ಲಿ ಬಿಎಸ್ 6 ಹೊಗೆ ನಿಯಮ ಬಂದ ಮೇಲೆ ಸ್ಪ್ಲೆಂಡರ್‌ಗೂ ಕಾರ್ಬುರೇಟರ್ ಬದಲು ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಬಂತು. ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿರಬೇಕು ಅಂತ ಹೇಳುವುದು ಇಸಿಯು ಎನ್ನುವ ಪುಟ್ಟ ಕಂಪ್ಯೂಟರ್. ಅದರ ಒಳಗೆ ಒಂದು ಕೋಷ್ಟಕ ಇರುತ್ತದೆ. ಎಕ್ಸಿಲೇಟರ್ ಎಷ್ಟು ತಿರುಗಿದೆ, ಎಂಜಿನ್ ಎಷ್ಟು ಸುತ್ತುತ್ತಿದೆ, ಒಳಗೆ ಬರುವ ಗಾಳಿಯ ಒತ್ತಡ ಎಷ್ಟು, ಬಿಸಿ ಎಷ್ಟು, ಇದನ್ನೆಲ್ಲ ನೋಡಿ ಇಷ್ಟು ಪೆಟ್ರೋಲ್ ಅಂತ ತೆಗೆಯುತ್ತದೆ. ಬೆಂಡ್ ಪೈಪ್‌ನಲ್ಲಿರುವ ಆಕ್ಸಿಜನ್ ಸೆನ್ಸರ್ ಹೊಗೆಯಲ್ಲಿ ಆಮ್ಲಜನಕ ಉಳಿದಿದೆಯಾ ಇಲ್ಲವಾ ಅಂತ ಮಾತ್ರ ತಿಳಿಸುತ್ತದೆ. ಉಳಿದಿಲ್ಲ, ಅಂದರೆ ರಿಚ್ ಇದ್ದರೆ, 0.9 ವೋಲ್ಟ್ ಹತ್ತಿರ. ಉಳಿದಿದ್ದರೆ 0.1 ವೋಲ್ಟ್ ಹತ್ತಿರ.

ಒಂದೇ ವೇಗದಲ್ಲಿ ಆರಾಮಾಗಿ ಹೋಗುವಾಗ ಇಸಿಯು ಈ ಸೆನ್ಸರ್ ಮಾತು ಕೇಳಿ ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತಲೇ ಇರುತ್ತದೆ. ರುಚಿ ನೋಡುತ್ತಾ ಸಾರಿಗೆ ಉಪ್ಪು ಹಾಕಿದ ಹಾಗೆ. ಇದಕ್ಕೆ ಕ್ಲೋಸ್ಡ್ ಲೂಪ್ ಅನ್ನುತ್ತಾರೆ. ಎಕ್ಸಿಲೇಟರ್ ಪೂರಾ ತಿರುವಿದಾಗ ರುಚಿ ನೋಡುವುದಿಲ್ಲ, ಕೋಷ್ಟಕದಲ್ಲಿ ಇದ್ದಷ್ಟು ಹಾಕಿಬಿಡುತ್ತದೆ. ಅದು ಓಪನ್ ಲೂಪ್. ಆ ಜಾಗದಲ್ಲಿ ಎಂಜಿನ್ ತಣ್ಣಗಿರಲಿ, ಶಕ್ತಿ ಬರಲಿ ಅಂತ ಕಂಪನಿಯವರೇ ಪೆಟ್ರೋಲ್ ಸ್ವಲ್ಪ ಜಾಸ್ತಿ ಇಟ್ಟಿರುತ್ತಾರೆ.

ಹಿಂದಿನ ಸೈಲೆನ್ಸರ್ ಬದಲಿಸಿದರೆ ಗಾಳಿಯ ಓಟದಲ್ಲಿ ಆಗುವ ವ್ಯತ್ಯಾಸ ಸಣ್ಣದು. ಆರಾಮಾಗಿ ಹೋಗುವಾಗ ಸೆನ್ಸರ್ ಸರಿಪಡಿಸುತ್ತದೆ. ಪೂರಾ ತಿರುವಿದಾಗ ಕಂಪನಿ ಬಿಟ್ಟ ಆ ಹೆಚ್ಚುವರಿ ಕಾಪಾಡುತ್ತದೆ. ಟ್ಯೂನರ್ ಬೇಡ ಅನ್ನುವುದಕ್ಕೆ ಕಾರಣ ಇದೇ.

ಈಗ ನನ್ನ ಬಲಗಡೆ ಪ್ಲಗ್ ಯಾಕೆ ಕಪ್ಪಾಯಿತು ನೋಡಿ. ಪೈಪ್ ಸೋರಿದರೆ ಹೊಗೆ ಹೊರಗೆ ಹೋಗುತ್ತದೆ ಅಂತ ಎಲ್ಲರಿಗೂ ಗೊತ್ತು. ಆದರೆ ಪ್ರತಿ ಸಲ ಹೊಗೆ ನುಗ್ಗಿ ಹೋದ ಮೇಲೆ ಅದರ ಬೆನ್ನಿಗೆ ಪೈಪ್ ಒಳಗೆ ಒಂದು ಕ್ಷಣ ಒತ್ತಡ ಇಳಿಯುತ್ತದೆ. ಆಗ ಅದೇ ಸಂದಿಯಿಂದ ಹೊರಗಿನ ಗಾಳಿ ಒಳಗೆ ಎಳೆದುಕೊಳ್ಳುತ್ತದೆ. ಸೆನ್ಸರ್‌ಗೆ ಆ ಗಾಳಿಯ ಆಮ್ಲಜನಕ ಕಾಣುತ್ತದೆ. ಲೀನ್ ಆಗಿದೆ ಅಂತ ಇಸಿಯುಗೆ ಹೇಳುತ್ತದೆ. ಇಸಿಯು ಪೆಟ್ರೋಲ್ ಸುರಿಯುತ್ತದೆ. ನಿಜವಾಗಿ ಎಂಜಿನ್ ರಿಚ್ ಓಡುತ್ತಿದ್ದರೂ ಸೆನ್ಸರ್ ಮಾತ್ರ ಲೀನ್ ಅನ್ನುತ್ತಲೇ ಇರುತ್ತದೆ.

ಮೊದಲ ಹೆಜ್ಜೆ: ಹಳೆಯ ಲೆಕ್ಕ ಬರೆದಿಡಿ

ಇನ್ನೂ ಸೈಲೆನ್ಸರ್ ಬದಲಿಸಿಲ್ಲ ಅಂದರೆ ನೀವು ಒಳ್ಳೆಯ ಹೊತ್ತಿನಲ್ಲಿ ಓದುತ್ತಿದ್ದೀರಿ. ಒಂದೇ ಬಂಕಿನಲ್ಲಿ ಫುಲ್ ಟ್ಯಾಂಕ್ ಮಾಡಿಸಿ, 200 ಕಿಲೋಮೀಟರ್ ಓಡಿಸಿ, ಮತ್ತೆ ಅಲ್ಲೇ ಫುಲ್ ಮಾಡಿಸಿ. ಎಷ್ಟು ಲೀಟರ್ ಹಿಡಿಯಿತು ಅಂತ ಬರೆದಿಡಿ. ಎರಡು ಸಲ ಮಾಡಿ. ಪ್ಲಗ್ ಬಿಚ್ಚಿ ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಮುಂದೆ ಯಾರು ಏನೇ ಹೇಳಲಿ, ಹೋಲಿಸಿ ನೋಡಲು ನಿಮ್ಮ ಕೈಯಲ್ಲಿ ಏನಾದರೂ ಇರುತ್ತದೆ.

ಎರಡನೆಯದು: ನಿಜವಾಗಿ ಏನು ಬದಲಾಗಿದೆ?

"ಸೈಲೆನ್ಸರ್ ಹಾಕಿಸಿದೆ" ಅನ್ನುವ ಒಂದೇ ಮಾತಿನಲ್ಲಿ ಮೂರು ನಾಲ್ಕು ಬೇರೆ ಬೇರೆ ಕೆಲಸ ಅಡಗಿರುತ್ತವೆ. ಗಾಡಿ ಪಕ್ಕ ಕುಕ್ಕರುಗಾಲಲ್ಲಿ ಕೂತು ಎಂಜಿನ್‌ನಿಂದ ಹಿಂದಕ್ಕೆ ಕಣ್ಣು ಹಾಯಿಸುತ್ತಾ ಬನ್ನಿ.

ಹೊಗೆಯ ವಿಷ ಕಡಿಮೆ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಎಲ್ಲಿದೆ ಅಂತ ಮೊದಲು ನೋಡಿ. ಕೆಲವು ಗಾಡಿಗಳಲ್ಲಿ ಬೆಂಡ್ ಪೈಪ್‌ನ ನಡುವೆ ಉಬ್ಬಿದ ಡಬ್ಬಿಯ ಹಾಗೆ ಇರುತ್ತದೆ. ಕೆಲವಲ್ಲಿ ಹಿಂದಿನ ಸೈಲೆನ್ಸರ್ ಒಳಗೇ ಇರುತ್ತದೆ. ಸೈಲೆನ್ಸರ್ ಕಳಚಿ ಪೈಪ್ ಒಳಗೆ ಟಾರ್ಚ್ ಬಿಟ್ಟರೆ ಜೇನುಗೂಡಿನಂಥ ಜಾಲ ಕಾಣುತ್ತದೆ, ಅದೇ ಕ್ಯಾಟ್. ಹೊಗೆಯನ್ನು ತಡೆಯುವ ಜಾಗಗಳಲ್ಲಿ ಇದು ದೊಡ್ಡದು. ಇದು ಉಳಿದಿದ್ದರೆ ಹಿಂದೆ ಏನೇ ಹಾಕಿದರೂ ಎಂಜಿನ್‌ಗೆ ಆಗುವ ಬದಲಾವಣೆ ಕಡಿಮೆ. ಇದು ಹೋಗಿದ್ದರೆ ಮಾತು ಬೇರೆ.

ಆಕ್ಸಿಜನ್ ಸೆನ್ಸರ್ ತನ್ನ ಜಾಗದಲ್ಲಿದೆಯಾ ನೋಡಿ. ಹೊರಗಿನಿಂದ ತಂದ ಕೆಲವು ಬೆಂಡ್ ಪೈಪ್‌ಗಳಲ್ಲಿ ಸೆನ್ಸರ್ ಕೂರಿಸುವ ತೂತೇ ಇರುವುದಿಲ್ಲ. ಆಗ ವೈರ್ ತುದಿಗೆ ಒಂದು ಸಣ್ಣ ರೆಸಿಸ್ಟರ್ ಸಿಕ್ಕಿಸಿ ಎಂಜಿನ್ ಲೈಟ್ ಬರದ ಹಾಗೆ ಮಾಡಿ ಕಳಿಸುತ್ತಾರೆ. ದಯವಿಟ್ಟು ಇದಕ್ಕೆ ಒಪ್ಪಬೇಡಿ. ಲೈಟ್ ಬರುವುದಿಲ್ಲ, ಆದರೆ ಇಸಿಯು ಕುರುಡಾಗಿ ಕೋಷ್ಟಕ ನೋಡಿ ಓಡಿಸುತ್ತಿರುತ್ತದೆ. ತೂತು ಇಲ್ಲದಿದ್ದರೆ ಒಳ್ಳೆಯ ವೆಲ್ಡರ್ ಹತ್ತಿರ ಸೆನ್ಸರ್ ಬುಶ್ ಕೂರಿಸಿ. ಬೆಳಗಾವಿಯಲ್ಲಿ ಈ ಕೆಲಸ ಮಾಡುವ ಕೈಗಳಿಗೆ ಕೊರತೆ ಇಲ್ಲ. ಫೌಂಡ್ರಿ, ಲೇತ್‌ಗಳ ಊರು ನಮ್ಮದು. ಕೂರಿಸುವಾಗ ಸೆನ್ಸರ್ ತುದಿ ಸ್ವಲ್ಪ ಕೆಳಮುಖವಾಗಿ, ವೈರ್ ಮೇಲ್ಮುಖವಾಗಿ ಇರಲಿ. ಅಡ್ಡ ಅಥವಾ ತಲೆಕೆಳಗು ಕೂರಿಸಿದರೆ ಪೈಪ್‌ನಲ್ಲಿ ಕಟ್ಟುವ ನೀರು ಸೆನ್ಸರ್ ಒಳಗೆ ಇಳಿದು ಹಾಳು ಮಾಡುತ್ತದೆ.

ಏರ್ ಫಿಲ್ಟರ್ ಕಂಪನಿಯದ್ದೇನಾ ಅಂತಲೂ ಕೇಳಿಕೊಳ್ಳಿ. ಫ್ರೀ ಫ್ಲೋ ಫಿಲ್ಟರ್ ಹಾಕಿ, ಏರ್ ಬಾಕ್ಸ್ ಮುಚ್ಚಳ ಕೊರೆದಿದ್ದರೆ ಒಳಗೆ ಬರುವ ಗಾಳಿಯೇ ಬದಲಾಗಿರುತ್ತದೆ. ನಮ್ಮ ಕಡೆ ಕಬ್ಬಿನ ಸೀಸನ್ನಿನಲ್ಲಿ ಟ್ರ್ಯಾಕ್ಟರ್ ಹಿಂದೆ ಹತ್ತು ಕಿಲೋಮೀಟರ್ ಹೋದರೆ ಎಷ್ಟು ದೂಳು ಕುಡಿಯುತ್ತೇವೆ ನೆನಪಿಸಿಕೊಳ್ಳಿ. ಕಂಪನಿಯ ಪೇಪರ್ ಫಿಲ್ಟರ್ ತೆಗೆಯಲು ನನಗೆ ಮನಸ್ಸಾಗುವುದಿಲ್ಲ.

ಮೂರನೆಯದು: ಸೋರಿಕೆ ಹುಡುಕಿ

ಇದನ್ನು ಬೆಳಿಗ್ಗೆ ಗಾಡಿ ತಣ್ಣಗಿರುವಾಗ, ಬಯಲಿನಲ್ಲಿ ಮಾಡಿ. ಶೆಡ್ ಒಳಗೆ ಬೇಡ, ಹೊಗೆ ವಿಷ. ಒಂದು ಬಾಟಲಿಯಲ್ಲಿ ನೀರಿಗೆ ಪಾತ್ರೆ ತೊಳೆಯುವ ಸೋಪು ಕಲಸಿಕೊಳ್ಳಿ. ದಪ್ಪ ಬಟ್ಟೆ ಒದ್ದೆ ಮಾಡಿಕೊಳ್ಳಿ. ಜೊತೆಗೆ ಒಬ್ಬರು ಬೇಕು.

ಗಾಡಿ ಸ್ಟಾರ್ಟ್ ಮಾಡಿ. ಜೊತೆಗಿದ್ದವರು ಒದ್ದೆ ಬಟ್ಟೆಯನ್ನು ಸೈಲೆನ್ಸರ್ ಬಾಯಿಗೆ ಅರ್ಧ ಮುಚ್ಚುವ ಹಾಗೆ ಒತ್ತಿ ಹಿಡಿಯಲಿ. ಪೂರಾ ಮುಚ್ಚಬೇಡಿ, ಕೆಲವು ಸೆಕೆಂಡು ಸಾಕು. ಆಗ ಒಳಗಿನ ಒತ್ತಡ ಏರುತ್ತದೆ. ನೀವು ಹೆಡ್ ಹತ್ತಿರದ ಜೋಡಣೆ, ಸೆನ್ಸರ್ ಬುಡ, ಬೆಂಡ್ ಪೈಪ್ ಸೈಲೆನ್ಸರ್‌ಗೆ ಸೇರುವ ಕ್ಲಾಂಪ್, ಈ ಮೂರು ಜಾಗಕ್ಕೆ ಸೋಪಿನ ನೀರು ಚಿಮುಕಿಸಿ. ಸೋರುವ ಜಾಗದಲ್ಲಿ ಗುಳ್ಳೆ ಏಳುತ್ತದೆ. ದೊಡ್ಡ ಸೋರಿಕೆಯಾದರೆ ಸದ್ದೂ ಬರುತ್ತದೆ, ಚಕ್ ಚಕ್ ಅಂತ. ಪೈಪ್ ಬೇಗ ಬಿಸಿಯಾಗುತ್ತದೆ, ಹುಷಾರು. ಬಿಸಿಯಾದ ಮೇಲೆ ನೀರು ಹಾಕಬೇಡಿ. ಇನ್ನೊಂದು ಸಲ ನೋಡಬೇಕಾದರೆ ಆರಿದ ಮೇಲೆ ನೋಡಿ.

ಸೋರಿಕೆ ಸಿಕ್ಕರೆ ಹೆಡ್ ಹತ್ತಿರದ ಪ್ಯಾಕಿಂಗ್ ಹೊಸದೇ ಹಾಕಿ. ಅದು ಒಮ್ಮೆ ಒತ್ತಿ ಚಪ್ಪಟೆಯಾದ ಮೇಲೆ ಮತ್ತೆ ಸರಿಯಾಗಿ ಕೂರುವುದಿಲ್ಲ. ನಟ್ಟುಗಳನ್ನು ಒಂದೊಂದನ್ನೇ ಪೂರಾ ಬಿಗಿಯಬೇಡಿ, ಸ್ವಲ್ಪ ಇದು ಸ್ವಲ್ಪ ಅದು ಅಂತ ಸಮವಾಗಿ ಬಿಗಿಯುತ್ತಾ ಬನ್ನಿ. ತುಕ್ಕು ಹಿಡಿದ ಸ್ಟಡ್‌ಗೆ ಹಿಂದಿನ ರಾತ್ರಿಯೇ ಎಣ್ಣೆ ಬಿಡಿ. ಅವಸರಪಟ್ಟು ತಿರುವಿ ಅದು ಹೆಡ್ ಒಳಗೆ ಮುರಿದರೆ ಆಮೇಲಿನ ಖರ್ಚಿನ ಮುಂದೆ ಟ್ಯೂನರ್ ಖರ್ಚು ಸಣ್ಣದಾಗಿ ಕಾಣುತ್ತದೆ. ಮತ್ತೆ ಸೆನ್ಸರ್ ಹತ್ತಿರ ಸಾದಾ ಸಿಲಿಕೋನ್ ಗಮ್ ಹಚ್ಚಲು ಬಿಡಬೇಡಿ. ಅದರ ಆವಿ ಸೆನ್ಸರ್ ಕೆಡಿಸುತ್ತದೆ.

ನಾಲ್ಕನೆಯದು: ಓಡಿಸಿ ನೋಡಿ

ಸೋರಿಕೆ ಇಲ್ಲ ಅಂತ ಖಾತ್ರಿಯಾದ ಮೇಲೆ ಒಂದು 200 ಕಿಲೋಮೀಟರ್ ಓಡಿಸಿ. ಈಗಿನ ಹೆಚ್ಚಿನ ಇಸಿಯುಗಳು ಸೆನ್ಸರ್ ಹೇಳಿದ್ದನ್ನು ನೆನಪಿಟ್ಟುಕೊಂಡು ನಿಧಾನಕ್ಕೆ ತಮ್ಮ ಲೆಕ್ಕ ತಿದ್ದಿಕೊಳ್ಳುತ್ತವೆ. ಅದಕ್ಕೆ ಸಮಯ ಕೊಡಬೇಕು.

ನಾನು ಮಾಡುವುದು ಹೀಗೆ. ಊರೊಳಗೆ ಖಡೇಬಜಾರ್ ಕಡೆಯ ಗದ್ದಲದಲ್ಲಿ ಅರ್ಧ ಗಂಟೆ. ಅಲ್ಲಿ ನಿಂತು ನಿಂತು ಹೊರಡುವಾಗ ಎಂಜಿನ್ ತಡವರಿಸುತ್ತದಾ, ಆಫ್ ಆಗುತ್ತದಾ ಗೊತ್ತಾಗುತ್ತದೆ. ಆಮೇಲೆ ಹೆದ್ದಾರಿ 48ರಲ್ಲಿ ಹಿರೇಬಾಗೇವಾಡಿ ಕಡೆ, ಟಾಪ್ ಗೇರಿನಲ್ಲಿ 70ರ ವೇಗ ಹಿಡಿದು ಕೈ ಅಲುಗಿಸದೆ. ಅಲ್ಲಿ ಗಾಡಿ ಯಾರೋ ಹಿಂದಿನಿಂದ ಎಳೆದು ಬಿಟ್ಟ ಹಾಗೆ ಜಗ್ಗುತ್ತದಾ ಅಂತ ಗಮನಿಸಬೇಕು. ಕೊನೆಗೆ ಕಾಕತಿ ದಾಟಿ ವಂಟಮುರಿ ಘಾಟ್ ಏರು. ಅಲ್ಲಿ ಬೇಕಾದ್ದಕ್ಕಿಂತ ಒಂದು ಗೇರ್ ಹೆಚ್ಚೇ ಇಟ್ಟು ಎಕ್ಸಿಲೇಟರ್ ಜಾಸ್ತಿ ಕೊಟ್ಟರೆ ಎಂಜಿನ್ ಮೇಲೆ ಭಾರ ಬೀಳುತ್ತದೆ. ಡಬ್ಬಿಯಲ್ಲಿ ಚಿಲ್ಲರೆ ಅಲುಗಿಸಿದ ಹಾಗೆ ಕಟಕಟ ಸದ್ದು ಬಂದರೆ ಅದು ನಾಕಿಂಗ್, ಅಂದರೆ ಸಿಲಿಂಡರ್ ಒಳಗೆ ಪೆಟ್ರೋಲ್ ಸಮವಾಗಿ ಉರಿಯದೆ ಸಿಡಿಯುವುದು. ಕೂಡಲೇ ಎಕ್ಸಿಲೇಟರ್ ಇಳಿಸಿ. ಅಲ್ಲಿ ಲಾರಿಗಳು ಸಾಲುಗಟ್ಟಿರುತ್ತವೆ, ನಸುಕಿನಲ್ಲಿ ಹೋದರೆ ಒಳ್ಳೆಯದು.

ಜಗ್ಗುವುದು, ಎಕ್ಸಿಲೇಟರ್ ಕೊಟ್ಟ ಕೂಡಲೇ ಒಂದು ಕ್ಷಣ ಸತ್ತು ಆಮೇಲೆ ಎಳೆಯುವುದು, ಹಿಂದೆ ಇಲ್ಲದ ನಾಕಿಂಗ್, ಮೊದಲಿಗಿಂತ ಜಾಸ್ತಿ ಬಿಸಿ, ಸುಣ್ಣದಂತೆ ಬೆಳ್ಳಗಾದ ಪ್ಲಗ್. ಇವು ಲೀನ್‌ನ ನಿಜವಾದ ಗುರುತು. ಪೆಟ್ರೋಲ್ ವಾಸನೆ, ಕಪ್ಪು ಮಸಿ, ಇಳಿದ ಮೈಲೇಜ್, ಇವು ರಿಚ್‌ನ ಗುರುತು.

ಪಟಪಟ ಸದ್ದು ಈ ಪಟ್ಟಿಯಲ್ಲಿ ಇಲ್ಲ. ಬೇಕಂತಲೇ ಬಿಟ್ಟಿದ್ದೇನೆ. ಇಳಿಜಾರಿನಲ್ಲಿ ಎಕ್ಸಿಲೇಟರ್ ಬಿಟ್ಟಾಗ ಉರಿಯದೆ ಉಳಿದ ಪೆಟ್ರೋಲ್ ಬಿಸಿ ಪೈಪಿಗೆ ಹೋಗುತ್ತದೆ. ಅನೇಕ ಗಾಡಿಗಳಲ್ಲಿ ಹೊಗೆ ಸ್ವಚ್ಛ ಮಾಡಲು ಎಕ್ಸಾಸ್ಟ್ ಬಾಯಿಗೆ ಹೊಸ ಗಾಳಿ ಬಿಡುವ ವಾಲ್ವ್ ಕೂಡ ಇರುತ್ತದೆ. ಎರಡೂ ಸೇರಿ ಪೈಪ್ ಒಳಗೆ ಸಣ್ಣದಾಗಿ ಸಿಡಿಯುತ್ತವೆ. ಕಂಪನಿಯ ಸೈಲೆನ್ಸರ್‌ನಲ್ಲೂ ಸಿಡಿಯುತ್ತಿತ್ತು, ಕೇಳುತ್ತಿರಲಿಲ್ಲ ಅಷ್ಟೇ. ಹಾಗಾಗಿ ಸ್ವಲ್ಪ ಪಟಪಟ ಅಂದ ಮಾತ್ರಕ್ಕೆ ಲೀನ್ ಅಂತ ಹೆದರಬೇಡಿ. ಸದ್ದು ಒಂದೇ ಸಮನೆ ಜಾಸ್ತಿಯಾಗುತ್ತಾ ಹೋದರೆ ಮೂರನೇ ಹೆಜ್ಜೆಗೆ ವಾಪಸ್ ಹೋಗಿ.

ಪೈಪ್ ನೀಲಿ ಬಣ್ಣಕ್ಕೆ ತಿರುಗಿದೆ ಅನ್ನುವ ಭಯವೂ ಇಂಥದ್ದೇ. ಕಂಪನಿಯ ಬೆಂಡ್ ಪೈಪ್ ಅನೇಕ ಸಲ ಎರಡು ಪದರದ್ದು. ಒಳಗಿನದು ನೀಲಿಯಾದರೂ ಹೊರಗೆ ಕಾಣುವುದಿಲ್ಲ. ಒಂದೇ ಪದರದ ಸ್ಟೀಲ್ ಪೈಪ್ ಎಂಜಿನ್ ಸರಿಯಿದ್ದರೂ ಬಣ್ಣ ಬದಲಿಸುತ್ತದೆ.

ಐದನೆಯದು: ಅಳೆಯಿರಿ

ನಿಜವಾದ ಗುರುತುಗಳು ಕಂಡರೆ ಈಗ ಊಹೆ ಸಾಕು, ಅಳತೆ ಬೇಕು. 2023ರ ಏಪ್ರಿಲ್ ನಂತರದ ಗಾಡಿಯಾದರೆ ಅದರಲ್ಲಿ ಗಾಡಿ ತನ್ನ ದೋಷ ತಾನೇ ಗುರುತಿಸುವ ಒಬಿಡಿ 2 ವ್ಯವಸ್ಥೆ ಇರುತ್ತದೆ. ಸರಿಯಾದ ಕೇಬಲ್ ಹಾಕಿ ಸ್ಕ್ಯಾನರ್ ಜೋಡಿಸಿದರೆ ಫ್ಯುಯೆಲ್ ಟ್ರಿಮ್ ಎಂಬ ಅಂಕಿ ಸಿಗಬಹುದು. ಕೋಷ್ಟಕಕ್ಕಿಂತ ಶೇ. ಎಷ್ಟು ಹೆಚ್ಚು ಅಥವಾ ಕಡಿಮೆ ಪೆಟ್ರೋಲ್ ಹಾಕಬೇಕಾಗಿ ಬಂದಿದೆ ಅಂತ ಅದು ಹೇಳುತ್ತದೆ. 5ರ ಒಳಗಿದ್ದರೆ ನೆಮ್ಮದಿಯಾಗಿರಿ. 10ರವರೆಗೂ ಇಸಿಯು ಸಂಭಾಳಿಸುತ್ತಿದೆ ಅಂತಲೇ ಅರ್ಥ. ಅದಕ್ಕಿಂತ ಬಹಳ ಮೇಲೆ ಹೋಗಿ, ಸೋರಿಕೆಯೂ ಇಲ್ಲ ಅಂದರೆ ಟ್ಯೂನಿಂಗ್ ಬೇಕು. ಪಿ0171 ಅಂತ ಕೋಡ್ ಬಂದರೆ ಲೀನ್ ಅಂತ ಅರ್ಥ. ಆದರೆ ನೆನಪಿರಲಿ, ಅದು ಸೆನ್ಸರ್ ಹೇಳಿದ ಮಾತು. ನನ್ನ ಗಾಡಿಯ ಸೆನ್ಸರ್ ಕೂಡ ಅದನ್ನೇ ಹೇಳುತ್ತಿತ್ತು.

ಪಿಯುಸಿ (ಹೊಗೆ ತಪಾಸಣೆ) ಕೇಂದ್ರದ ಚೀಟಿ ನೋಡಿ ಲೀನಾ ರಿಚ್ಚಾ ಅಂತ ತೀರ್ಮಾನ ಮಾಡಬೇಡಿ. ಕ್ಯಾಟ್ ದಾಟಿ ಸ್ವಚ್ಛವಾದ ಹೊಗೆ ಅದು. ಒಳಗೆ ರಿಚ್ ಇದ್ದರೂ ಹೊರಗೆ ಚೆನ್ನಾಗೇ ಕಾಣಬಹುದು.

ಎಲ್ಲಕ್ಕಿಂತ ಖಚಿತವಾದದ್ದು ವೈಡ್‌ಬ್ಯಾಂಡ್ ಸೆನ್ಸರ್ ಹಾಕಿ ಡೈನೋ (ಗಾಡಿ ನಿಂತಲ್ಲೇ ಚಕ್ರ ಓಡಿಸಿ ಅಳೆಯುವ ಯಂತ್ರ) ಮೇಲೆ ಓಡಿಸುವುದು. ಕಂಪನಿಯ ಸೆನ್ಸರ್ ಲೀನ್ ಅಥವಾ ರಿಚ್ ಅಂತ ಮಾತ್ರ ಹೇಳಿದರೆ, ವೈಡ್‌ಬ್ಯಾಂಡ್ 12.8, 13.4 ಅಂತ ಅಂಕಿಯನ್ನೇ ಕೊಡುತ್ತದೆ. ಬೆಂಗಳೂರು, ಪುಣೆ ಕಡೆ ಹೋಗುವುದಿದ್ದರೆ ಅಲ್ಲಿ ಮಾಡಿಸಬಹುದು.

2020ರಿಂದ 2023ರ ನಡುವಿನ ಬಿಎಸ್ 6 ಗಾಡಿ ಇದ್ದವರಿಗೆ ಒಂದು ಮಾತು. ಇ10 (ಶೇ. 10 ಎಥನಾಲ್) ಪೆಟ್ರೋಲ್‌ಗೆ ಹೊಂದಿಸಿದ ಕೋಷ್ಟಕದಲ್ಲಿ ಇ20 ಹಾಕಿದರೆ, ಓಪನ್ ಲೂಪ್‌ನಲ್ಲಿ ಲೆಕ್ಕದ ಪ್ರಕಾರವೇ ಸುಮಾರು ಶೇ. 4ರಷ್ಟು ಲೀನ್ ಕಡೆ ವಾಲುತ್ತದೆ. ಅದರ ಮೇಲೆ ಬೆಂಡ್ ಪೈಪ್ ಸಮೇತ ಪೂರಾ ಬದಲಿಸಿದರೆ ಎರಡೂ ಸೇರಿಕೊಳ್ಳುತ್ತವೆ. ನಿಮ್ಮ ಗಾಡಿಯನ್ನು ಅಳೆಸುವುದು ಒಳ್ಳೆಯದು.

ಆರನೆಯದು: ಬೇಕೇ ಬೇಕು ಅಂದರೆ ಯಾವುದು?

ಅಗ್ಗದ್ದು ಅಂದರೆ ಒಳಗೆ ಬರುವ ಗಾಳಿ ತಣ್ಣಗಿದೆ ಅಂತ ಇಸಿಯುಗೆ ಸುಳ್ಳು ಹೇಳುವ ಸಾಧನ. ತಣ್ಣನೆ ಗಾಳಿ ಅಂದರೆ ದಟ್ಟ ಗಾಳಿ ಅಂತ ಇಸಿಯು ಸ್ವಲ್ಪ ಪೆಟ್ರೋಲ್ ಹೆಚ್ಚಿಸುತ್ತದೆ. ಬೂಸ್ಟರ್‌ಪ್ಲಗ್ ಈ ಬಗೆಯದು. ಎಲ್ಲ ಕಡೆಗೂ ಒಂದೇ ಅಳತೆ, ಬೇಕಾದ ಕಡೆ ಮಾತ್ರ ಹಾಕುವ ಜಾಣತನ ಇದಕ್ಕಿಲ್ಲ.

ಎರಡನೆಯದು ಇಸಿಯು ಮತ್ತು ಇಂಜೆಕ್ಟರ್ ನಡುವೆ ಕೂರುವ ಪಿಗ್ಗಿಬ್ಯಾಕ್. ಬೆಂಗಳೂರಿನ ರೇಸ್ ಡೈನಮಿಕ್ಸ್‌ನ ಫ್ಯುಯೆಲ್‌ಎಕ್ಸ್, ಪವರ್‌ಟ್ರಾನಿಕ್, ಅಮೆರಿಕದ ಡೈನೋಜೆಟ್‌ನ ಪವರ್ ಕಮಾಂಡರ್ ಈ ಗುಂಪಿನವು. ಕಂಪನಿಯ ಕನೆಕ್ಟರ್‌ಗಳಿಗೇ ಸಿಕ್ಕಿಸುವುದರಿಂದ ವೈರ್ ಕತ್ತರಿಸಬೇಕಿಲ್ಲ, ಬೇಡ ಅಂದಾಗ ತೆಗೆಯಬಹುದು. ನಮ್ಮ ಕಡೆಯವರಿಗೆ ನಾನು ಹೇಳುವುದು ಇದನ್ನೇ. ಆದರೆ ನಿಮ್ಮ ಗಾಡಿಯ ಮಾಡೆಲ್, ವರ್ಷ, ಹಾಕಿದ ಸೈಲೆನ್ಸರ್‌ಗೆ ಹೊಂದುವ ಮ್ಯಾಪ್ (ಪೆಟ್ರೋಲ್ ಕೋಷ್ಟಕ) ಇದೆಯಾ ಅಂತ ಕೇಳಿಯೇ ದುಡ್ಡು ಕೊಡಿ. ಬೇರೆ ಗಾಡಿಯ ಮ್ಯಾಪ್ ಹಾಕಿದರೆ ಇದ್ದ ಸ್ಥಿತಿಯೂ ಕೆಡುತ್ತದೆ. ಬೆಳಗಾವಿಯ ಮಳೆ ನಿಮಗೆ ಗೊತ್ತೇ ಇದೆ. ಡಬ್ಬಿಯನ್ನು ಸೀಟ್ ಕೆಳಗೆ ಎತ್ತರದಲ್ಲಿ, ಕನೆಕ್ಟರ್ ಬಾಯಿ ಕೆಳಮುಖವಾಗಿ ಕಟ್ಟಿಸಿ.

ಮೂರನೆಯದು ಇಸಿಯುನ ಕೋಷ್ಟಕವನ್ನೇ ತಿದ್ದುವ ರೀಮ್ಯಾಪ್. ಗೊತ್ತಿದ್ದವರು ಅಳೆದು ಮಾಡಿದರೆ ಇದರಷ್ಟು ಚೆಂದ ಯಾವುದೂ ಇಲ್ಲ. ಗೊತ್ತಿಲ್ಲದವರ ಕೈಗೆ ಕೊಟ್ಟರೆ ಎಂಜಿನ್ ಕಳೆದುಕೊಂಡ ಹಾಗೆ. ವಾರಂಟಿ ಇರುವ ಗಾಡಿಗೆ ಮೂರರಲ್ಲಿ ಯಾವುದನ್ನು ಹಾಕುವ ಮುಂಚೆಯೂ ವಾರಂಟಿ ಪುಸ್ತಕ ಓದಿ.

ಕಾರ್ಬುರೇಟರ್ ಗಾಡಿ ಇದ್ದರೆ

ಹಳೆ ಬುಲೆಟ್, ಹಳೆ ಪಲ್ಸರ್‌ಗೆ ಟ್ಯೂನರ್ ಮಾತೇ ಇಲ್ಲ. ಇಲ್ಲಿ ಸೆನ್ಸರ್ ಇಲ್ಲ, ತಿದ್ದುವವರು ನಾವೇ. ಹೆಚ್ಚಿನ ಸಲ ಏರ್ ಸ್ಕ್ರೂ ಹೊಂದಿಸಿ, ಕಾರ್ಬುರೇಟರ್ ಒಳಗಿನ ಸೂಜಿಯ ಕ್ಲಿಪ್ ಒಂದು ಗೀರು ಕೆಳಗಿಳಿಸಿ ಸೂಜಿ ಎತ್ತಿದರೆ ಮುಗಿಯುತ್ತದೆ. ಪೂರಾ ಎಕ್ಸಿಲೇಟರ್‌ನಲ್ಲಿ ಲೀನ್ ಅನಿಸಿದರೆ ಮಾತ್ರ ಮೇನ್ ಜೆಟ್ (ಪೆಟ್ರೋಲ್ ಹಾದುಹೋಗುವ ಸಣ್ಣ ತೂತಿನ ಭಾಗ) ಒಂದು ಸೈಜ್ ದೊಡ್ಡದು ಹಾಕಿ.

ಇಲ್ಲಿ ಬೆಳಗಾವಿಯವರು ಮರೆಯಬಾರದ ಒಂದು ವಿಷಯ ಇದೆ. ನಮ್ಮ ಊರು ಸಮುದ್ರ ಮಟ್ಟದಿಂದ ಸುಮಾರು 750 ಮೀಟರ್ ಮೇಲಿದೆ. ಇಲ್ಲಿ ಗಾಳಿ ಸ್ವಲ್ಪ ತೆಳು. ಜಾಂಬೋಟಿ, ಚೋರ್ಲಾ ಘಾಟ್ ಇಳಿದು ಗೋವಾ ಸೇರಿದರೆ ಗಾಳಿ ದಟ್ಟವಾಗುತ್ತದೆ. ಇಂಜೆಕ್ಟರ್ ಗಾಡಿ ಒತ್ತಡ ಅಳೆದು ತಾನೇ ಹೊಂದಿಸಿಕೊಳ್ಳುತ್ತದೆ. ಕಾರ್ಬುರೇಟರ್‌ಗೆ ಅದು ಗೊತ್ತಾಗುವುದಿಲ್ಲ. ಬೆಳಗಾವಿಯಲ್ಲಿ ಕೂದಲೆಳೆಯಷ್ಟು ಲೆಕ್ಕ ಹಿಡಿದು ಹೊಂದಿಸಿದ ಗಾಡಿ ಗೋವಾದಲ್ಲಿ ಸ್ವಲ್ಪ ಲೀನ್ ಓಡುತ್ತದೆ. ವಾರಕ್ಕೊಮ್ಮೆ ಘಾಟ್ ಇಳಿಯುವವರು ಊರಿನಲ್ಲಿ ಸ್ವಲ್ಪ ರಿಚ್ ಇಟ್ಟುಕೊಂಡರೆ ಒಳ್ಳೆಯದು.

ಆರ್‌ಎಕ್ಸ್ 100 ಇಟ್ಟವರು ಇನ್ನೂ ಹೆಚ್ಚು ಜಾಗ್ರತೆ ಮಾಡಬೇಕು. ಟೂ ಸ್ಟ್ರೋಕ್‌ನಲ್ಲಿ ಸೈಲೆನ್ಸರ್ ಬರೀ ಸದ್ದು ಕಡಿಮೆ ಮಾಡುವುದಿಲ್ಲ, ಎಂಜಿನ್ ಉಸಿರಾಡುವುದರಲ್ಲೇ ಅದಕ್ಕೆ ಪಾಲಿದೆ. ಪೈಪ್ ಬದಲಾದರೆ ಮೇನ್ ಜೆಟ್ ನೋಡಲೇಬೇಕು. ಲೀನ್ ಆದರೆ ಪಿಸ್ಟನ್ ಜಾಮ್ ಆಗುತ್ತದೆ, ಓಡುವ ಗಾಡಿಯ ಹಿಂದಿನ ಚಕ್ರ ಒಮ್ಮೆಲೇ ಹಿಡಿದುಕೊಳ್ಳುತ್ತದೆ. ಆಗುವ ಅನಾಹುತ ಎಂಜಿನ್‌ಗಷ್ಟೇ ಅಲ್ಲ.

ಪೊಲೀಸರು, ನೆರೆಮನೆಯವರು

175 ಸಿಸಿ ಮೇಲಿನ ಗಾಡಿ ಕಾರ್ಖಾನೆಯಿಂದ ಹೊರಬರುವಾಗ ಪರೀಕ್ಷೆಯಲ್ಲಿ 80 ಡೆಸಿಬಲ್ ದಾಟಬಾರದು ಅಂತ ಕೇಂದ್ರದ ನಿಯಮ ಇದೆ. 80ರಿಂದ 175 ಸಿಸಿಗೆ 77. ಮೋಟಾರು ವಾಹನ ಕಾಯ್ದೆಯ 190(2)ನೇ ಕಲಂ ಪ್ರಕಾರ ಶಬ್ದ ಮತ್ತು ಹೊಗೆಯ ನಿಯಮ ಮೀರಿದರೆ ಮೊದಲ ಸಲಕ್ಕೆ 3 ತಿಂಗಳವರೆಗೆ ಜೈಲು ಅಥವಾ 10,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಲೈಸೆನ್ಸ್ ಕೂಡ 3 ತಿಂಗಳು ಅನರ್ಹವಾಗುತ್ತದೆ. ಕಸಿದ ಸೈಲೆನ್ಸರ್‌ಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸಿದ್ದನ್ನು ನಮ್ಮ ರಾಜ್ಯದ ಹಲವು ಊರುಗಳಲ್ಲಿ ನೋಡಿದ್ದೇವೆ. ಟ್ಯೂನರ್ ಹಾಕಿದರೆ ಸದ್ದು ಕಡಿಮೆಯಾಗುವುದಿಲ್ಲ. ಹಾಗಾಗಿ ಸದ್ದು ತಗ್ಗಿಸುವ ಡಿಬಿ ಕಿಲ್ಲರ್ ಇರುವ ಸೈಲೆನ್ಸರ್ ಆರಿಸಿ, ಅದನ್ನು ತೆಗೆಯಬೇಡಿ. ಕ್ಯಾಟ್ ತೆಗೆಸಲೇಬೇಡಿ. ಆಸ್ಪತ್ರೆ ಪಕ್ಕದ ಬೀದಿಯಲ್ಲಿ ರಾತ್ರಿ ಹನ್ನೊಂದಕ್ಕೆ ಗಾಡಿ ತಿರುವಿದರೆ ಒಳಗೆ ಮಲಗಿದವರಿಗೆ ಹೇಗಾಗುತ್ತದೆ ಅಂತ ನನ್ನ ತಾಯಿ ಅಡ್ಮಿಟ್ ಆಗಿದ್ದಾಗ ಹಾಸಿಗೆ ಪಕ್ಕ ಕೂತು ನೋಡಿದ್ದೇನೆ.

ಹೊಸ ಸೈಲೆನ್ಸರ್ ಹಾಕಿಸಿ 500 ಕಿಲೋಮೀಟರ್ ಆದ ಮೇಲೆ ಎಲ್ಲ ಕ್ಲಾಂಪ್, ನಟ್ಟು ಇನ್ನೊಂದು ಸಲ ಬಿಗಿ ನೋಡಿ. ಬಿಸಿ, ತಣ್ಣಗೆ ಆಗಿ ಆಗಿ ಅವು ಸಡಿಲವಾಗುತ್ತವೆ. ಕಂಪನಿಯ ಸೈಲೆನ್ಸರ್ ಮಾತ್ರ ಮಾರಬೇಡಿ. ಒಳಗಿನ ನೀರು ಬಸಿದು, ಒಣಗಿಸಿ, ಎರಡೂ ಬಾಯಿಗೆ ಬಟ್ಟೆ ತುರುಕಿ. ಅದರ ನಟ್ಟು ಬೋಲ್ಟುಗಳನ್ನು ಒಂದು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಸೈಲೆನ್ಸರ್‌ಗೇ ಕಟ್ಟಿ ಅಟ್ಟದ ಮೇಲೆ ಇಡಿ.